ಬುಕ್ಕಾಂಬುಧಿಯೋ, ಬುಕ್ಕಾಂಬುದಿಯೋ?

ಪ್ರಶ್ನೆ: ನಮ್ಮ ಕೆರೆಯ ಹೆಸರನ್ನು ಬುಕ್ಕಾಂಬುದಿ, ಬುಕ್ಕಂಬುದಿ, ಬುಕ್ಕಾಂಬುಧಿ ಎಂದು ಕಂಡ ಕಂಡ ಹಾಗೆ ಬರೆಯುತ್ತಾರೆ. ಅಂಬುಧಿ ಎಂದ ಮೇಲೆ ಮತ್ತೆ ‘ಕೆರೆ’ ಎನ್ನುವುದು ತಪ್ಪು ಎನ್ನುವವರೂ ಇದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರದ ಕೆರೆಗಳನ್ನು ಒಟ್ಟಾಗಿ ‘ಸರೋವರ ಸಮೂಹ’ ಎಂದು ಕರೆಯಬಹುದೇ? ಬೋರ್ಡ್ ಬರೆಸಬೇಕಾಗಿದೆ, ದಯವಿಟ್ಟು ತಿಳಿಸಿ.
– ಅಜ್ಜಂಪುರ ತಾಲ್ಲೂಕಿನ ಓದುಗರು

ಉತ್ತರ: ಬೋರ್ಡ್ ಬರೆಯುವವರಿಗೆ ಮುಂಗಡ ಕೊಡುವ ಮುನ್ನವೇ ಕೇಳಿದ್ದೀರಿ, ಸಂತೋಷ. ಬರೆಸಿದ ಮೇಲೆ ಕೇಳುವವರೇ ಹೆಚ್ಚು.

ಕಾಗುಣಿತದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಬುಕ್ಕ ಮತ್ತು ಅಂಬುಧಿ ಸೇರಿದರೆ ಸವರ್ಣದೀರ್ಘ ಸಂಧಿ. ಸುರ, ಅಸುರ ಸೇರಿ ಸುರಾಸುರ ಆದ ಹಾಗೆ ಬುಕ್ಕಾಂಬುಧಿ. ಹಾಗಾಗಿ ‘ಕ್ಕಾ’ ದೀರ್ಘವೇ ಆಗಬೇಕು. ಕೊನೆಯ ಅಕ್ಷರ ಮಹಾಪ್ರಾಣ. ಅಂಬು ಎಂದರೆ ನೀರು, ಅದನ್ನು ತನ್ನೊಳಗೆ ಇಟ್ಟುಕೊಂಡದ್ದು ಅಂಬುಧಿ, ಎಂದರೆ ಕಡಲು. ಇದೇ ಅಂಬುವಿಗೆ ಅಲ್ಪಪ್ರಾಣದ ‘ದ’ ಹತ್ತಿದರೆ ಅಂಬುದ. ಅದು ನೀರು ಕೊಡುವಂಥದ್ದು, ಮೋಡ. ಹೊಟ್ಟೆ ಸೀಳುವುದನ್ನು ಮರೆತರೆ ಕಡಲು ಮೋಡದ ಕಡೆ ವಾಲುತ್ತದೆ. ಊರಿನವರ ಬಾಯಲ್ಲಿ ‘ಬುಕ್ಕಾಂಬುದಿ’ ಎಂದು ಬಂದರೆ ಅದನ್ನು ತಿದ್ದಲು ಹೋಗಬೇಡಿ, ಮಾತಿನಲ್ಲಿ ಮಹಾಪ್ರಾಣ ಸವೆಯುವುದು ಕನ್ನಡದ ಜಾಯಮಾನ. ಬರಹದಲ್ಲಿ ಮಾತ್ರ ‘ಧಿ’ ಇರಲಿ.

ಕೆರೆಗೆ ಕಡಲಿನ ಹೆಸರೇಕೆ ಎಂದು ನೀವು ಕೇಳಿಲ್ಲ, ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕಡಲನ್ನು ಕಾಣದ ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದವರಿಗೆ ಅದೇ ಸಮುದ್ರ, ಅದೇ ಸಾಗರ. ಹೊಯ್ಸಳರ ರಾಜಧಾನಿಯಲ್ಲಿ ದೋರಸಮುದ್ರವಿತ್ತು. ವಿಜಯನಗರದ ಬುಕ್ಕನ ಹೆಸರಿನಲ್ಲೇ ಅನಂತಪುರದ ಪಕ್ಕ ಬುಕ್ಕರಾಯಸಮುದ್ರವಿದೆ. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಹೆಸರು ಅನಂತರಾಜಸಾಗರ; ದಿನಕ್ಕೆ ಸಾವಿರ ಆಳು, ನೂರು ಗಾಡಿ ಹೂಡಿ ಎರಡು ವರ್ಷ ದುಡಿಸಿದರೆಂದು ಅಲ್ಲಿನ ಶಾಸನ ಲೆಕ್ಕ ಕೊಡುತ್ತದೆ. ಅಷ್ಟು ಮಣ್ಣು ಹೊತ್ತ ಮೇಲೆ ಸಾಗರ ಎಂದರೆ ಯಾರು ಬೇಡ ಎಂದಾರು! ‘ಅಂಬುಧಿ’ ಸ್ವಲ್ಪ ಅಪರೂಪ, ಆದರೂ ಒಂಟಿಯಲ್ಲ. ಬೆಂಗಳೂರಿನ ಗವಿಪುರದ ಹತ್ತಿರ ಕೆಂಪಾಂಬುಧಿ ಇದೆ. ಧರ್ಮಾಂಬುಧಿ ಒಣಗಿ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವ ನಿಮ್ಮೂರಿನವರು ಕಾಲಿಡುವುದು ಇನ್ನೊಂದು ಅಂಬುಧಿಯ ಅಂಗಳದಲ್ಲಿ.

ಈಗ ನೋಡಿ, ದೋರಸಮುದ್ರ ಮೊದಲು ಕೆರೆಯ ಹೆಸರು, ಆಮೇಲೆ ರಾಜಧಾನಿಯ ಹೆಸರು. ಬುಕ್ಕಾಂಬುಧಿಯಲ್ಲೂ ಅದೇ ಆಯಿತು, ಕೆರೆಯ ಹೆಸರು ಊರಿಗೆ ಬಂತು. ಬುಕ್ಕಾಂಬುಧಿ ಬೆಟ್ಟ ಎಂದಾಗ ‘ಕಡಲಿನ ಬೆಟ್ಟ’ ಎಂದು ಯಾರೂ ತಿಳಿಯುವುದಿಲ್ಲ. ಹಾಗೆಯೇ ‘ಬುಕ್ಕಾಂಬುಧಿ ಕೆರೆ’ ಎಂದರೆ ಬುಕ್ಕಾಂಬುಧಿ ಎಂಬ ಊರಿನ ಕೆರೆ. ಇದು ‘ನಡುಸೆಂಟರ್’, ‘ಗೇಟುಬಾಗಿಲು’ ಜಾತಿಯ ಪುನರುಕ್ತಿ ಅಲ್ಲ. ಧೈರ್ಯವಾಗಿ ಬರೆಸಿ.

ಇನ್ನು ‘ಸರೋವರ ಸಮೂಹ’. ನನ್ನ ಮತ ಕೇಳಿದರೆ, ಬೇಡ. ಸರೋವರ ಎಂದೊಡನೆ ಮಾನಸ ಸರೋವರದಂತೆ ತಾನಾಗಿ ನಿಂತ ನೀರು ನೆನಪಾಗುತ್ತದೆ. ನಿಮ್ಮವು ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು, ಅಚ್ಚುಕಟ್ಟಿಗೆ ನೀರು ಹರಿಸಲು ನೀರುಗಂಟಿಯನ್ನು ನೇಮಿಸಿ ಬಾಳಿಸಿದ ನೀರು. ಅದಕ್ಕೆ ಕೆರೆಗಿಂತ ಒಳ್ಳೆಯ ಹೆಸರಿಲ್ಲ. ಮರ್ಯಾದೆಗೆಂದು ಹೊಸ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚನ್ನಗಿರಿ ತಾಲ್ಲೂಕೇ ಸಾಕ್ಷಿ: ಬೋರ್ಡಿನಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ಹಿರಿಯೂರಿನ ವಾಣಿವಿಲಾಸ ಸಾಗರವೂ ಹಳಬರಿಗೆ ಇಂದಿಗೂ ಮಾರಿ ಕಣಿವೆಯೇ.

ಗುಂಪಿಗೆ ಒಂದೇ ಹೆಸರು ಕೊಡುವ ಮೊದಲು ಆ ಕೆರೆಗಳು ಒಂದೇ ನೀರಿನವೇ ಎಂದು ನೋಡಬೇಕು. ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುವಂತಿದ್ದರೆ ಅದು ಕೆರೆ ಸರಣಿ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಕೂಡ ಈ ಸೀಮೆಯ ಕೆರೆಗಳನ್ನು ಬಿಡಿಯಾಗಿ ನೋಡಲಿಲ್ಲ. ಸಂಸ್ಥಾನದ ನೆಲದಲ್ಲಿ ನೂರಕ್ಕೆ ಅರವತ್ತರಷ್ಟು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದು ಬೆರಗಾಗಿ ಬರೆದ. ಸರಣಿಯಲ್ಲಿರದ ಕೆರೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಬಾರದು. ಕಡೂರಿನ ಕಡೆ ನೋಡಿ: ಬಾಬಾಬುಡನ್ ಗಿರಿಯ ಪೂರ್ವಕ್ಕೆ ಇಳಿಯುವ ವೇದಾ ಹಳ್ಳಕ್ಕೆ ಅಯ್ಯನಕೆರೆ, ಆವತಿ ಹಳ್ಳಕ್ಕೆ ಮದಗದ ಕೆರೆ. ಎರಡು ಹಳ್ಳವೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ಮುಂದೆ ಅದೇ ಮಾರಿ ಕಣಿವೆಯಲ್ಲಿ ನಿಲ್ಲುತ್ತವೆ. ಇವೆರಡು ಒಂದೇ ನದಿಯ ಅಕ್ಕತಂಗಿಯರು, ಆದರೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವುದಿಲ್ಲ.

ಅಲ್ಲೂ ಹೆಸರಿನ ತೊಡಕಿದೆ ಅನ್ನಿ. ಅಯ್ಯನಕೆರೆಗೆ ದೊಡ್ಡ ಮದಗದ ಕೆರೆ ಎಂಬ ಇನ್ನೊಂದು ಹೆಸರು. ಮದಗ ಎಂದರೆ ಕೆರೆಯ ತೂಬು, ನೀರು ಹೊರಬೀಳುವ ದಾರಿ; ಅದಿಲ್ಲದ ಕೆರೆ ಯಾವುದು? ಹಾವೇರಿ ಜಿಲ್ಲೆಯ ಮಾಸೂರಿನಲ್ಲೂ ಒಂದು ಮದಗದ ಕೆರೆ ಇದೆ. ಮದಗದ ಕೆರೆಗೆ ಮಳೆ ಬಂದ ಜನಪದ ಹಾಡು ತಮ್ಮದೆಂದು ಎರಡೂ ಕಡೆಯವರು ವಾದಿಸುತ್ತಾರೆ. ಆ ಜಗಳದಲ್ಲಿ ನಾನು ತೀರ್ಪು ಕೊಡಲಾರೆ.

ನಿಮ್ಮ ಬೋರ್ಡಿಗೆ ಮೇಲೆ ‘ಬುಕ್ಕಾಂಬುಧಿ ಕೆರೆ’ ಎಂದಿರಲಿ. ಕೆಳಗೆ ಸುತ್ತಲ ಕೆರೆಗಳನ್ನು ಅವುಗಳ ಹೆಸರಿನಲ್ಲೇ, ಒಂದೊಂದಾಗಿ ಬರೆಸಿ; ಜಾಗ ಸಾಲದಿದ್ದರೆ ‘ಬುಕ್ಕಾಂಬುಧಿ ಸುತ್ತಿನ ಕೆರೆಗಳು’ ಎಂದರೆ ಸಾಕು. ಬರೆಸುವ ಮುನ್ನ ಗ್ರಾಮ ನಕ್ಷೆಯನ್ನು ಒಮ್ಮೆ ನೋಡಿ. ಶಾಸನಗಳನ್ನೂ ನೋಡುವ ಉತ್ಸಾಹವಿದ್ದರೆ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ತೆಗೆಯಿರಿ. ರೈಸ್ ಅದನ್ನು 1901ರಲ್ಲಿ ಹೊರತಂದಾಗ ನಿಮ್ಮ ಜಿಲ್ಲೆಯ ಹೆಸರು ಕಡೂರು, ಅಜ್ಜಂಪುರ ತಾಲ್ಲೂಕು ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಹುಡುಕಬೇಕಾದದ್ದು ತರೀಕೆರೆ ತಾಲ್ಲೂಕಿನ ಭಾಗದಲ್ಲಿ.