ರಬ್ಬರಿನ ಹಾದಿಯಲ್ಲಿ ಒಂದು ಜಲಾಂತರ್ಗಾಮಿ

ಪುತ್ತೂರು, ಸುಳ್ಯ, ಕಡಬಗಳ ಗುಡ್ಡಗಳಲ್ಲಿ ಬೆಳಕು ಹರಿಯುವ ಮುನ್ನವೇ ಕೂಲಿಕಾರರು ರಬ್ಬರು ಮರಗಳ ತೊಗಟೆಯನ್ನು ಓರೆಯಾಗಿ ಕೊರೆಯುತ್ತಾರೆ. ಬಿಳಿಯ ಹಾಲು ತೊಟ್ಟುತೊಟ್ಟಾಗಿ ಕರಟಕ್ಕೆ ಇಳಿಯುತ್ತದೆ. ಈ ಹಾಲಿಗಾಗಿ ಒಮ್ಮೆ ಕಡಲಿನ ಒಡಲಲ್ಲಿಯೂ ಯುದ್ಧ ನಡೆದಿತ್ತೆಂದರೆ ಅಚ್ಚರಿಯಾಗದಿರದು.

ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು, ಸಿಂಗಪುರವು ಜಪಾನಿಗೆ ಶರಣಾಯಿತು. ಮಲಯದ ರಬ್ಬರು ತೋಟಗಳೂ ತವರದ ಗಣಿಗಳೂ ಜಪಾನಿನ ಕೈಸೇರಿದವು. ರಬ್ಬರಿಲ್ಲದೆ ಸೇನೆಯ ಲಾರಿಗಳು ಓಡವು, ವಿಮಾನಗಳು ನೆಲಕ್ಕಿಳಿಯಲಾರವು. ಜರ್ಮನಿಯು ಈ ಸರಕನ್ನು ಪೆನಾಂಗ್ ಬಂದರಿನ ಮಾರ್ಗವಾಗಿ ಜಲಾಂತರ್ಗಾಮಿಗಳಲ್ಲಿ ಯೂರೋಪಿಗೆ ಸಾಗಿಸತೊಡಗಿತು. ಶತ್ರುಗಳ ಈ ಹಾದಿಯನ್ನು ಕಡಿಯುವ ಹೊಣೆ ಸಿಲೋನಿನ ತ್ರಿಂಕೋಮಲಿಯಲ್ಲಿ ನೆಲೆಸಿದ್ದ ಬ್ರಿಟಿಷ್ ಜಲಾಂತರ್ಗಾಮಿಗಳ ಮೇಲೆ ಬಿದ್ದಿತು. ಅವುಗಳಲ್ಲಿ ಒಂದು 'ಟಾಲಿ-ಹೋ'. ಅದರ ನಾಯಕ ಬೆನಿಂಗ್ಟನ್.

ಮಲಕ್ಕಾ ಜಲಸಂಧಿಯಲ್ಲಿ ಆಳ ಕಡಿಮೆ. ಮುಳುಗಿ ಅಡಗುವುದು ಸುಲಭವಲ್ಲ. ಆದರೂ 1944ರ ಜನವರಿ 11ರಂದು 'ಟಾಲಿ-ಹೋ' ಪೆನಾಂಗಿನ ಸಮೀಪದಲ್ಲಿ ಜಪಾನಿನ 'ಕುಮಾ' ಯುದ್ಧನೌಕೆಯ ಮೇಲೆ ಏಳು ಟಾರ್ಪೆಡೊಗಳನ್ನು ಹಾರಿಸಿತು. ಎರಡು ಗುರಿ ಮುಟ್ಟಿದವು. ನೌಕೆಯೊಡನೆ 138 ನಾವಿಕರು ನೀರಿನ ಪಾಲಾದರು. ಮರುತಿಂಗಳು, ಸರಕು ಸಾಗಣೆಗೆಂದು ಮಾರ್ಪಡಿಸಿದ್ದ ಜರ್ಮನರ 'ಯುಐಟಿ-23' ಎಂಬ ಜಲಾಂತರ್ಗಾಮಿಯನ್ನೂ ಅದು ಮುಳುಗಿಸಿತು.

ಕೆಲವು ದಿನಗಳ ತರುವಾಯ ಅದರ ಸರದಿಯೇ ಬಂದಿತು. ಇರುಳಿನಲ್ಲಿ ಜಪಾನಿನ 'ಕಾರಿ' ಎಂಬ ನೌಕೆಯು ಡಿಕ್ಕಿ ಹೊಡೆಯಲು ನುಗ್ಗಿತು. ಬೆನಿಂಗ್ಟನ್ ಬೆನ್ನು ತಿರುಗಿಸಲಿಲ್ಲ. ಶತ್ರುವಿಗೆ ಅಭಿಮುಖವಾಗಿ ತನ್ನ ನೌಕೆಯನ್ನು ತಿರುಗಿಸಿದನು. ಎರಡೂ ಮೈಗೆ ಮೈ ತಾಗುವಂತೆ ಸರಿದುಹೋದವು. 'ಕಾರಿ'ಯ ಚಾಲಕ ಚಕ್ರದ ಅಲಗುಗಳು 'ಟಾಲಿ-ಹೋ'ದ ಎಡಪಕ್ಕದ ತೊಟ್ಟಿಗಳನ್ನು ಸೀಳಿದವು. ಮುಳುಗುವುದಕ್ಕೂ ಮೇಲೇಳುವುದಕ್ಕೂ ಆ ತೊಟ್ಟಿಗಳೇ ಆಧಾರ. ಒಂದು ಕಡೆಗೆ ವಾಲಿದ್ದರೂ ಆ ನೌಕೆ ತ್ರಿಂಕೋಮಲಿಯನ್ನು ತಲುಪಿತು. ಉಕ್ಕಿನ ಒಡಲು ಒಡೆದರೂ ಒಳಗಿದ್ದವರ ಧೈರ್ಯ ಒಡೆಯಲಿಲ್ಲ.

1967ರಲ್ಲಿ 'ಟಾಲಿ-ಹೋ'ವನ್ನು ಗುಜರಿಗಾಗಿ ಕಳಚಲಾಯಿತು. ಅದಕ್ಕೆ ಆಶ್ರಯವಿತ್ತ ಅದೇ ದ್ವೀಪದಿಂದ, 1964ರ ಒಪ್ಪಂದದ ಫಲವಾಗಿ, ತಮಿಳು ಕಾರ್ಮಿಕರ ಕುಟುಂಬಗಳು ಭಾರತಕ್ಕೆ ಮರಳಿದವು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರು ತೋಟಗಳು ಬದುಕು ನೀಡಿದವು. ಯಾವ ಹಾಲು ಒಂದು ಕಾಲದಲ್ಲಿ ನೂರಾರು ಪ್ರಾಣಗಳನ್ನು ಬಲಿ ಬೇಡಿತೋ, ಅದೇ ಹಾಲು ಶಾಂತಿಕಾಲದಲ್ಲಿ ನೆಲೆತಪ್ಪಿದವರಿಗೆ ಅನ್ನವಾಯಿತು. ವಸ್ತುವಿನಲ್ಲಿ ದೋಷವಿಲ್ಲ, ಅದನ್ನು ಬಳಸುವ ಮನುಷ್ಯನ ಮನಸ್ಸಿನಲ್ಲಿ ಯುದ್ಧವೂ ಇದೆ, ಶಾಂತಿಯೂ ಇದೆ.