ಫೋನ್ ರೀಸೆಟ್ ಮಾಡುವ ಮುಂಚೆ

ಈ ವಿಷಯಕ್ಕೆ ನನ್ನ ಕಚೇರಿಗೆ ಬರುವವರು ಕೂರುವ ಮೊದಲು ಬಾಗಿಲು ಹಾಕಿದೆಯೇ ಎಂದು ನೋಡುತ್ತಾರೆ. ಆಮೇಲೆ ‘ನಮ್ಮ ಸ್ನೇಹಿತನೊಬ್ಬನ ಕೇಸು ಸಾರ್’ ಎಂದು ಶುರುವಾಗುತ್ತದೆ. ಸ್ನೇಹಿತ ಯಾರೆಂದು ಕೇಳುವ ಗೋಜಿಗೆ ನಾನು ಹೋಗುವುದಿಲ್ಲ. ಅವನಿಗೆ ರಾತ್ರಿ ಹೊತ್ತು ಅಶ್ಲೀಲ ವಿಡಿಯೊ ನೋಡುವ ಚಟ ಅಂಟಿದೆ, ಬಿಡಬೇಕೆಂದು ಒದ್ದಾಡುತ್ತಿದ್ದಾನೆ, ಅಷ್ಟರಲ್ಲಿ ಯಾರೋ ಸೈಬರ್ ಪೊಲೀಸ್ ಎಂದು ಫೋನ್ ಮಾಡಿ ಹಣ ಕಿತ್ತಿದ್ದಾರೆ. ಎಷ್ಟು ಹೋಯಿತೆಂದರೆ ಮೊದಲು ಒಂದು ಮೊತ್ತ, ಸ್ವಲ್ಪ ಹೊತ್ತಿನ ಮೇಲೆ ಅದಕ್ಕಿಂತ ದೊಡ್ಡ ಮೊತ್ತ ಹೊರಬರುತ್ತದೆ. ಚಾಟ್ ತೋರಿಸಿ ಎಂದರೆ, ‘ಎಲ್ಲ ಡಿಲೀಟ್ ಮಾಡಿದೆ ಸಾರ್, ಇನ್ಮೇಲೆ ಇದರ ಸಹವಾಸವೇ ಬೇಡ ಅಂತ ಫೋನೇ ರೀಸೆಟ್ ಮಾಡಿಸಿಬಿಟ್ಟೆ’. ಸ್ನೇಹಿತ ಎದ್ದು ಹೋಗಿರುತ್ತಾನೆ. ಅವನ ಜೊತೆಗೇ ಕೇಸಿನ ಅರ್ಧ ಸಾಕ್ಷ್ಯವೂ ಹೋಗಿರುತ್ತದೆ.

ಹೆದರಿಕೆಯ ಬುಡಕ್ಕೆ ಮೊದಲು ಬರೋಣ. ವಯಸ್ಕನೊಬ್ಬ ತನ್ನ ಮನೆಯಲ್ಲಿ, ತನ್ನ ಫೋನಿನಲ್ಲಿ, ವಯಸ್ಕರ ಅಶ್ಲೀಲ ವಿಡಿಯೊವನ್ನು ಒಬ್ಬನೇ ನೋಡುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಕಲಂಗಳು ಹಿಡಿಯುವುದು ಪ್ರಕಟಿಸುವವರನ್ನು, ರವಾನಿಸುವವರನ್ನು. 2015ರಲ್ಲಿ ಇಂಥ ತಾಣಗಳನ್ನೆಲ್ಲ ನಿಷೇಧಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಂದಿನ ಮುಖ್ಯ ನ್ಯಾಯಮೂರ್ತಿ, ನಮ್ಮ ಚಿಕ್ಕಮಗಳೂರು ಕಡೆಯ ಎಚ್.ಎಲ್. ದತ್ತು ಅವರು, ನಾಲ್ಕು ಗೋಡೆಯೊಳಗೆ ವಯಸ್ಕನೊಬ್ಬ ನೋಡುವುದನ್ನು ಕೋರ್ಟು ತಡೆಯುವುದು ಹೇಗೆ ಎಂದು ಕೇಳಿದ್ದರು. ಅದಕ್ಕೂ ಮೂರು ವರ್ಷ ಮೊದಲು ನಮ್ಮ ವಿಧಾನಸಭೆಯೊಳಗೇ ಮೊಬೈಲ್ ವಿಡಿಯೊ ವಿವಾದವಾಗಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಕುರ್ಚಿ ಹೋಯಿತೇ ಹೊರತು ಜೈಲಿಗೆ ಯಾರೂ ಹೋಗಲಿಲ್ಲ. ಹೀಗಿರುವಾಗ ಹಳ್ಳಿಯ ಹುಡುಗನೊಬ್ಬ ‘ನೋಡಿದ್ದಕ್ಕೆ ದಂಡ’ ಎಂದು ಯಾರಿಗೋ ಯುಪಿಐ ಮಾಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಆದರೆ ಇಷ್ಟಕ್ಕೇ ಓದು ನಿಲ್ಲಿಸಬೇಡಿ. ಮಕ್ಕಳ ವಿಡಿಯೊ ಆದರೆ ನೋಡುವುದೂ ಅಪರಾಧ. 67ಬಿ ಕಲಂ ಹುಡುಕುವುದನ್ನು, ಡೌನ್‌ಲೋಡ್ ಮಾಡುವುದನ್ನು ಹೆಸರಿಟ್ಟೇ ಹೇಳುತ್ತದೆ. 2024ರ ಜುಲೈನಲ್ಲಿ ನಮ್ಮ ಹೈಕೋರ್ಟು ಇಂಥದೊಂದು ಕೇಸನ್ನು ‘ಬರೀ ನೋಡಿದ್ದಾನೆ’ ಎಂದು ರದ್ದು ಮಾಡಿ, ಈ ಕಲಂ ಗಮನಕ್ಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ವಾಪಸ್ ಪಡೆಯಿತು. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಗಿ ಮಾಡಿತು: ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೊ 15ನೇ ಕಲಂ ಅಡಿ ಬರುತ್ತದೆ. ಗ್ರೂಪಿನಲ್ಲಿ ಯಾರೋ ಹಾಕಿದರೆ ‘ನೋಡಿ ಎಂಥ ಕಾಲ ಬಂತು’ ಎಂದು ಇನ್ನೊಬ್ಬರಿಗೆ ಕಳಿಸುವ ಸಜ್ಜನರೂ ಆರೋಪಿಗಳೇ. ಕಳಿಸಿದ ನಂಬರು, ಗ್ರೂಪಿನ ಹೆಸರು, ಹೊತ್ತು ಬರೆದುಕೊಳ್ಳಿ. ಸೈಬರ್ ಕ್ರೈಂ ಪೋರ್ಟಲಿನಲ್ಲಿ ವರದಿ ಮಾಡಿ, ಅಳಿಸಿ. ಮಕ್ಕಳ ವಿಡಿಯೊ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ವಯಸ್ಕರ ವಿಡಿಯೊ ಆದರೂ ಒಬ್ಬನಿಗೆ ಫಾರ್ವರ್ಡ್ ಮಾಡಿದರೆ ಅದು ರವಾನೆಯೇ. 67ಎ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಹೆಂಗಸೊಬ್ಬಳಿಗೆ ಅವಳ ಇಚ್ಛೆಗೆ ವಿರುದ್ಧವಾಗಿ ತೋರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ, ಲೈಂಗಿಕ ಕಿರುಕುಳ. ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ಸಿಕ್ಕಿಬಿದ್ದರೆ ಪೊಲೀಸರು ಬಾರದಿದ್ದರೂ ಕೆಲಸಕ್ಕೆ ಕುತ್ತು.

‘ಸರ್ಕಾರವೇ ಬ್ಲಾಕ್ ಮಾಡಿದೆಯಲ್ಲ ಸಾರ್, ಮತ್ತೆ ಹೇಗೆ ಬರುತ್ತದೆ?’ ಎಂದು ಕೇಳುತ್ತಾರೆ. 2015ರಲ್ಲಿ 857 ತಾಣ ಮುಚ್ಚಿಸಿ, ಗದ್ದಲವಾದ ಮೇಲೆ ಕೆಲವೇ ದಿನಗಳಲ್ಲಿ ಆದೇಶ ಸಡಿಲಿಸಿದರು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827 ತಾಣಗಳಿಗೆ ಮತ್ತೆ ಬೀಗ ಬಿತ್ತು. ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಅವೇ ತಾಣಗಳು ವಾಪಸ್ ಬಂದವು. ಚಟ ಬಿಡಬೇಕೆಂದಿರುವವನು ದೆಹಲಿಯ ಬೀಗ ನಂಬಿ ಕೂತರೆ ಆಗುವುದಿಲ್ಲ.

ನಿಮ್ಮ ಬೀಗ ನೀವೇ ಹಾಕಬೇಕು, ಅದಕ್ಕೆ ದುಡ್ಡೂ ಬೇಡ. ಮನೆಯ ವೈ-ಫೈ ರೌಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿದರೆ ಅಶ್ಲೀಲ ತಾಣಗಳಲ್ಲಿ ಹೆಚ್ಚಿನವು ತೆರೆಯುವುದೇ ಇಲ್ಲ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಸೇವೆ. ಆಂಡ್ರಾಯ್ಡ್ ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬುದಿದೆ. ಅಲ್ಲಿ ಇದೇ ಸೇವೆಯ ಹೆಸರು ಕೊಟ್ಟರೆ ಸಿಮ್ಮಿನ ಡೇಟಾಗೂ ತಡೆ ಬೀಳುತ್ತದೆ. ಐಫೋನಿನಲ್ಲಾದರೆ ‘ಸ್ಕ್ರೀನ್ ಟೈಮ್’ ಒಳಗೆ ವಯಸ್ಕ ತಾಣ ನಿರ್ಬಂಧಿಸುವ ಆಯ್ಕೆ ಇದೆ, ಅದಕ್ಕೊಂದು ಪಾಸ್‌ಕೋಡ್ ಇದೆ. ಆ ಪಾಸ್‌ಕೋಡನ್ನು ನಿಮ್ಮ ಕೈಯಿಂದ ಹಾಕಬೇಡಿ. ಅಣ್ಣನೋ, ಹೆಂಡತಿಯೋ, ನಂಬುವ ಗೆಳೆಯನೋ ಹಾಕಲಿ, ನಿಮಗೆ ಹೇಳದಿರಲಿ. ಬೀಗ, ಕೀಲಿ ಎರಡೂ ಒಬ್ಬನ ಜೇಬಿನಲ್ಲಿದ್ದರೆ ರಾತ್ರಿ ಹನ್ನೊಂದಕ್ಕೆ ಏನಾಗುತ್ತದೆಂದು ನಿಮಗೇ ಗೊತ್ತು.

ಇದರಲ್ಲೂ ತೂತುಗಳಿವೆ. ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಎಕ್ಸ್ ಒಳಗೆ ಬರುವುದನ್ನು ಡಿಎನ್‌ಎಸ್ ತಡೆಯುವುದಿಲ್ಲ. ವಿಪಿಎನ್ ಆ್ಯಪ್ ಇದ್ದರೆ ಎಲ್ಲ ವ್ಯರ್ಥ. ಬೇಡವೆಂದರೂ ಪರದೆಯ ಮೇಲೆ ಕೊಳಕು ಚಿತ್ರ ಹಾರಿ ಬರುತ್ತಿದ್ದರೆ, ಯಾವತ್ತೋ ಯಾವುದೋ ತಾಣಕ್ಕೆ ‘ಅಲೋ’ ಒತ್ತಿದ್ದೀರಿ. ಬ್ರೌಸರಿನ ನೋಟಿಫಿಕೇಶನ್ ಪಟ್ಟಿಯಿಂದ ಅದನ್ನು ತೆಗೆಯಿರಿ. ಕೇಳದೇ ಚಾಲೂ ಆದ ‘ಹಾಟ್ ವಿಡಿಯೊ ಪ್ಯಾಕ್’ಗೆ ಸಿಮ್ ಬ್ಯಾಲೆನ್ಸ್ ಕಟ್ ಆಗುತ್ತಿದ್ದರೆ 155223ಕ್ಕೆ ಕರೆ ಮಾಡಿ ನಿಲ್ಲಿಸಬಹುದು. ಮೊಬೈಲ್ ಅಂಗಡಿಯವನು ‘ಲೈಫ್‌ಟೈಮ್ ಬ್ಲಾಕ್’ ಎಂದು ದುಡ್ಡು ಪಡೆದು ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಹಾಕುತ್ತಾನೆ. ಅಂಥ ಆ್ಯಪಿಗೆ ಮೆಸೇಜ್ ಓದುವ ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕಿನ ಓಟಿಪಿಯನ್ನೂ ಅದು ಓದುತ್ತದೆ.

ಈಗ ಜನ ಅತಿ ಹೆಚ್ಚು ಕಳೆದುಕೊಳ್ಳುವ ಜಾಗಕ್ಕೆ ಬರುತ್ತೇನೆ. ಈ ಬೀಗಗಳನ್ನೆಲ್ಲ ಹಾಕುವ ಹುರುಪಿನಲ್ಲಿ ಫೋನ್ ತೊಳೆಯಬೇಡಿ. ಯಾರಾದರೂ ನಿಮ್ಮನ್ನು ಹೆದರಿಸುತ್ತಿದ್ದರೆ, ಅವರನ್ನು ಹಿಡಿಸುವ ಸಾಕ್ಷ್ಯ ಇರುವುದು ನೀವು ನಾಚಿಕೆಯಿಂದ ಅಳಿಸಹೊರಟ ಆ ಚಾಟಿನಲ್ಲೇ.

ವಂಚಕರು ಬರುವ ದಾರಿ ಮೂರು. ಒಂದು, ಅಶ್ಲೀಲ ತಾಣ ನೋಡುವಾಗ ಇಡೀ ಪರದೆ ಲಾಕ್ ಆಗಿ, ಸರ್ಕಾರದ ಲಾಂಛನದೊಡನೆ ‘ದಂಡ ಕಟ್ಟಿ’ ಎಂಬ ನೋಟಿಸು. ಅದೊಂದು ವೆಬ್ ಪುಟ ಅಷ್ಟೆ, ಬ್ರೌಸರ್ ಮುಚ್ಚಿ ಹಿಸ್ಟರಿ ಅಳಿಸಿದರೆ ಹೋಗುತ್ತದೆ. (ಮಕ್ಕಳ ವಿಡಿಯೊ ಬಿಟ್ಟರೆ, ಅಳಿಸಿ ಎಂದು ನಾನು ಹೇಳುವುದು ಇದೊಂದಕ್ಕೇ. ಅದೂ ದುಡ್ಡು ಕಟ್ಟಿಲ್ಲದಿದ್ದರೆ, ಮತ್ತು ಇನ್ನೊಂದು ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡ ಮೇಲೆ.) ಎರಡು, ಗೊತ್ತಿಲ್ಲದ ಹುಡುಗಿಯ ವಿಡಿಯೊ ಕರೆ. ಕೆಲವು ಸೆಕೆಂಡು ನಿಮ್ಮ ಮುಖ ಸಿಕ್ಕರೂ ಸಾಕು, ಉಳಿದದ್ದನ್ನು ಅವರು ಜೋಡಿಸಿ ನಿಮ್ಮ ಫೇಸ್‌ಬುಕ್ ಗೆಳೆಯರ ಪಟ್ಟಿಯ ಸಮೇತ ಕಳಿಸುತ್ತಾರೆ. ಮೂರು, ಇದರ ಬೆನ್ನಿಗೇ ಬರುವ ‘ಆಫೀಸರ್’. ಆತ ಸಿಬಿಐ ಎನ್ನಬಹುದು, ದೆಹಲಿ ಸೈಬರ್ ಸೆಲ್ ಎನ್ನಬಹುದು, ನಿಮ್ಮ ವಿಡಿಯೊ ಯೂಟ್ಯೂಬಿಗೆ ಹೋಗಿದೆ, ತೆಗೆಸಲು ಶುಲ್ಕ ಕಟ್ಟಿ ಎನ್ನಬಹುದು. ಒಮ್ಮೆ ಕೊಟ್ಟಿರೋ, ಕೊಡುವವನು ಎಂದು ನಿಮ್ಮ ಹೆಸರು ಬರೆದಿಟ್ಟುಕೊಳ್ಳುತ್ತಾರೆ. ಎರಡನೇ ಕರೆ ಬಂದೇ ಬರುತ್ತದೆ.

‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ವಿಚಾರಣೆಗೆ ಕರೆಯಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3) ಅಡಿ ನೋಟಿಸು ಕೊಡಬೇಕು. ಅದನ್ನು ವಾಟ್ಸ್‌ಆ್ಯಪಿನಲ್ಲಿ ಕೊಟ್ಟರೆ ಸಲ್ಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಾಟ್ಸ್‌ಆ್ಯಪಿನಲ್ಲಿ ಎಫ್‌ಐಆರ್ ತೋರಿಸಿ ದುಡ್ಡು ಕೇಳುವವನು ಪೊಲೀಸನಲ್ಲ. ನಿಜವಾದ ಪೊಲೀಸನೇ ಕೇಳಿದರೆ ಅದು ಬೇರೆ ಅಪರಾಧ.

ದುಡ್ಡು ಹೋಗಿದ್ದರೆ ಮೊದಲ ಕೆಲಸ ಸೈಬರ್ ಸಹಾಯವಾಣಿ 1930ಕ್ಕೆ ಕರೆ. ನಾಳೆ ಬೆಳಿಗ್ಗೆ ಎನ್ನಬೇಡಿ, ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವುದೇ ಅದರ ಉದ್ದೇಶ. ಕೈಯಲ್ಲಿ ಯುಟಿಆರ್ ನಂಬರು, ಅವರ ಯುಪಿಐ ಐಡಿ, ಮೊತ್ತ, ಹೊತ್ತು ಇರಲಿ. ಬ್ಯಾಂಕಿಗೂ ಬರೆದುಕೊಡಿ. ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕೇ ಪೂರ್ತಿ ಕೊಡುತ್ತದೆ ಎಂದು ಹೇಳುವವರಿದ್ದಾರೆ. ರಿಸರ್ವ್ ಬ್ಯಾಂಕಿನ 2017ರ ಆ ಸುತ್ತೋಲೆ ನಿಮಗೆ ತಿಳಿಯದೆ ಆದ ವಹಿವಾಟಿಗೆ. ಹೆದರಿ ನೀವೇ ಪಿನ್ ಒತ್ತಿದ್ದಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

1930 ಕೊಡುವ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ಅದನ್ನು ಹಿಡಿದು ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇನೆ. ಅದರ ಪ್ರಿಂಟ್ ತೆಗೆದುಕೊಂಡು ಠಾಣೆಗೆ ಹೋಗಿ. ಅಲ್ಲಿ ರೈಟರ್ ತಲೆಯೆತ್ತದೆ ‘ಸಿಇಎನ್ ಠಾಣೆಗೆ ಹೋಗಿ’ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ) ಎನ್ನುತ್ತಾರೆ. ಸಿಇಎನ್‌ನಲ್ಲಿ ‘ನಿಮ್ಮ ವ್ಯಾಪ್ತಿಯ ಠಾಣೆಗೆ ಹೋಗಿ’ ಎನ್ನುತ್ತಾರೆ. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಯವರೇ ಮಾಡಬೇಕೆಂಬುದು ನಿಜ. ಅದು ತನಿಖೆಯ ಮಾತು, ದೂರು ದಾಖಲಿಸದಿರಲು ನೆಪವಲ್ಲ. ಬೆದರಿಸಿ ಹಣ ಕೀಳುವುದು ನ್ಯಾಯ ಸಂಹಿತೆಯ 308ನೇ ಕಲಂ ಅಡಿ ಸುಲಿಗೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ತೆಗೆದುಕೊಳ್ಳಲೇಬೇಕು. ಈಮೇಲಿನಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕದಿದ್ದರೆ ದಾಖಲಾಗದು. ಎಫ್‌ಐಆರ್ ಪ್ರತಿ ಉಚಿತ, ‘ಜೆರಾಕ್ಸಿಗೆ ಕೊಡಿ’ ಎಂದರೂ ಕೊಡಬೇಕಿಲ್ಲ. ಒಪ್ಪದಿದ್ದರೆ ಹಿಂಬರಹ ಕೇಳಿ. ಅದನ್ನೂ ಕೊಡದಿದ್ದರೆ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಆ ರಸೀದಿ ಇಲ್ಲದೆ ಅಲ್ಲಿಗೆ ಹೋದರೆ ಮತ್ತೆ ಮೊದಲಿನಿಂದ ಸುತ್ತಬೇಕು.

ದೂರಿನಲ್ಲಿ ಚಟದ ಚರಿತ್ರೆ ಬರೆಯಬೇಕಿಲ್ಲ. ಯಾವ ದಿನ, ಯಾವ ನಂಬರಿನಿಂದ ಕರೆ ಬಂತು, ಏನು ಬೆದರಿಕೆ, ಎಷ್ಟು ಹಣ, ಇಷ್ಟೇ. ಆದರೆ ವಿಡಿಯೊ ಕರೆಯಲ್ಲಿ ನೀವು ಬಟ್ಟೆ ಕಳಚಿದ್ದರೆ ಇಲ್ಲವೆಂದು ಬರೆಯಬೇಡಿ, ಆ ವಿಡಿಯೊ ನಾಳೆ ಅವರ ಫೋನಿನಿಂದಲೇ ಜಪ್ತಾಗುತ್ತದೆ. ಎಫ್‌ಐಆರ್ ಅನ್ನು ವೆಬ್‌ಸೈಟಿಗೆ ಹಾಕಬೇಡಿ ಎಂದು ಲಿಖಿತವಾಗಿ ಕೋರಿ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ 2016ರಲ್ಲೇ ಸುಪ್ರೀಂ ಕೋರ್ಟು ಆ ವಿನಾಯಿತಿ ಕೊಟ್ಟಿದೆ. ಠಾಣೆಯ ಎದುರಿನ ಟೀ ಅಂಗಡಿಯಲ್ಲಿ ‘ಅರ್ಧ ಕೊಡಿ, ಹೋದ ಹಣ ವಾಪಸ್ ತರಿಸುತ್ತೇನೆ’ ಎನ್ನುವವನು ಸಿಗುತ್ತಾನೆ. ಈಗ ಟೆಲಿಗ್ರಾಂನಲ್ಲೂ ಸಿಗುತ್ತಾನೆ, ‘ಎಥಿಕಲ್ ಹ್ಯಾಕರ್’ ಹೆಸರಿನಲ್ಲಿ. ಅವನಿಗೆ ಕೊಟ್ಟದ್ದಂತೂ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ವಿಡಿಯೊ ನಿಜವಾಗಿಯೂ ಹೊರಬಿದ್ದರೆ ಆಯಾ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳು ಬಂದಾಗಲೇ ನಗ್ನ ಚಿತ್ರ, ತಿರುಚಿದ ಚಿತ್ರ ತೆಗೆಯಲು 24 ಗಂಟೆಯ ಗಡುವು ಹಾಕಿದ್ದವು. ತೆಗೆಯದಿದ್ದರೆ ಕೇಂದ್ರದ ದೂರು ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲೇ ಹೋಗಬಹುದು. ‘ಸ್ಟಾಪ್ ಎನ್‌ಸಿಐಐ’ ಎಂಬ ತಾಣವೂ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿದು ಅದರ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವಕ್ಕೆ ಹೋಗುತ್ತದೆ. ವಾಟ್ಸ್‌ಆ್ಯಪಿನ ಖಾಸಗಿ ಚಾಟಿಗೆ ಇದರಿಂದ ಪ್ರಯೋಜನವಿಲ್ಲ.

ಚಟಕ್ಕೆ ಚಿಕಿತ್ಸೆ ಬಸ್ ನಿಲ್ದಾಣದ ಗೋಡೆಯ ‘ಗುಪ್ತ ಸಮಸ್ಯೆ’ ಚೀಟಿಯಲ್ಲಿಲ್ಲ. ಲೈಂಗಿಕ ಶಕ್ತಿಯ ಔಷಧಿಗೆ ಹಾಗೆ ಜಾಹೀರಾತು ಹಾಕುವುದನ್ನೇ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಚೀಟಿ ಅಂಟಿಸಿದವರ ಮೇಲೆ ಕೇಸು ಹಾಕಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಅಷ್ಟು ದೂರ ಹೋಗಲಾಗದಿದ್ದರೆ 14416, ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆದರಿಕೆಯಿಂದ ಕಂಗೆಟ್ಟು ಸಾಯುವ ಯೋಚನೆ ಬಂದ ರಾತ್ರಿಯೂ ಅದೇ ನಂಬರು, ಯಾವ ಹೊತ್ತಿಗಾದರೂ. ನೀವು ವೈದ್ಯರಿಗೆ ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಅವರ ಮೇಲೆ ಹೊರಿಸಿದ ಹೊಣೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು ಉಳಿದಿದೆ. ಹೀಗೆ ಸಿಕ್ಕಿಬಿದ್ದವನು ಹದಿನೆಂಟು ತುಂಬದ ನಿಮ್ಮ ಮಗನಾಗಿದ್ದರೆ, ಅವನ ಫೋನ್ ಒಡೆಯಬೇಡಿ, ಅವನನ್ನೂ ಬಡಿಯಬೇಡಿ. ಅವನಿಂದ ಬೆತ್ತಲೆ ವಿಡಿಯೊ ತೆಗೆಸಿಕೊಂಡವನು ಪೋಕ್ಸೊ ಆರೋಪಿ, ನಿಮ್ಮ ಮಗ ಸಂತ್ರಸ್ತ. ಅವನ ಹೇಳಿಕೆಯನ್ನು ಪೊಲೀಸರು ಸಮವಸ್ತ್ರ ಹಾಕದೆ, ಮನೆಯಲ್ಲೋ ಅವನು ಹೇಳಿದ ಜಾಗದಲ್ಲೋ, ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಮೂಲಕ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ‘ಹುಡುಗನನ್ನು ಕರೆದುಕೊಂಡು ಬನ್ನಿ, ಸಾಹೇಬರು ನೋಡಬೇಕಂತೆ’ ಎಂದು ಠಾಣೆಯಿಂದ ಫೋನ್ ಬಂದರೆ, ಪೋಕ್ಸೊ 24ನೇ ಕಲಂ ಓದಿದ್ದೀರಾ ಎಂದು ಕೇಳಿ.