ಒಂದೇ ದಿನ ಹಲವು ಚುನಾವಣೆ, ಜೊತೆಗೊಂದು ಜನಮತಗಣನೆ: ಆಗುವ ಮಾತೇ?

ಪ್ರಶ್ನೆ: ಲೋಕಸಭೆ, ವಿಧಾನಸಭೆ, ಮಹಾನಗರಪಾಲಿಕೆ ಎಂದು ಎರಡು ವರ್ಷದೊಳಗೆ ಮೂರು ಸಲ ಸಾಲಿನಲ್ಲಿ ನಿಂತೆವು. ಇವೆಲ್ಲವನ್ನೂ ಒಂದೇ ದಿನ ಮುಗಿಸಲು ನಿಯಮದಲ್ಲಿ ಅಡ್ಡಿ ಏನಿದೆ? ಅದೇ ದಿನ ಊರಿಗೆ ಸಂಬಂಧಪಟ್ಟ ಒಂದು ವಿಷಯದ ಮೇಲೆ ಜನರ ಅಭಿಪ್ರಾಯವನ್ನೂ ಮತಪೆಟ್ಟಿಗೆಯಲ್ಲೇ ಕೇಳಬಾರದೇಕೆ?
– ಓದುಗರೊಬ್ಬರು, ಕಳವಾ

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಎರಡಕ್ಕೂ ಉತ್ತರ ಬೇರೆ. ಲೋಕಸಭೆ ಮತ್ತು ವಿಧಾನಸಭೆಗೆ ಒಂದೇ ದಿನ ಮತದಾನ ನಡೆಸಲು ಈಗಿರುವ ನಿಯಮಗಳಲ್ಲೇ ದಾರಿಯಿದೆ, ನಡೆದೂ ಇದೆ. ಪಾಲಿಕೆಯನ್ನು ಅದಕ್ಕೆ ಸೇರಿಸುವುದು ಕಷ್ಟ, ಅಸಾಧ್ಯವಲ್ಲ. ಜನಮತಗಣನೆಯ ಮಾತು ಮಾತ್ರ ಪೂರ್ತಿ ಬೇರೆ. ನಮ್ಮ ಸಂವಿಧಾನದಲ್ಲಿ ಅದಕ್ಕೆ ಸಾಮಾನ್ಯ ಅವಕಾಶವೇ ಇಲ್ಲ. ಹಾಗಿದ್ದೂ ಈ ದೇಶದಲ್ಲಿ ಅದು ನಡೆದಿದೆ, ನಿಮ್ಮ ರಾಜ್ಯದಲ್ಲಿ ಅದರ ಪುಟ್ಟ ರೂಪವೊಂದು ಇಂದಿಗೂ ಜೀವಂತವಾಗಿದೆ.

ಮೊದಲು ನೀವಿರುವ ಜಾಗವನ್ನೇ ನೋಡೋಣ. ಕಳವಾ ಠಾಣೆ ಮಹಾನಗರಪಾಲಿಕೆಗೆ ಸೇರಿದ ಊರು. ವಿಧಾನಸಭೆಗೆ ಅದು ಮುಂಬ್ರಾ-ಕಳವಾ ಕ್ಷೇತ್ರ. ಲೋಕಸಭೆಗೆ ಬಂದರೆ ಠಾಣೆಯಲ್ಲ, ಕಲ್ಯಾಣ್. ಖಾಡಿಯ ಆಚೆ ಠಾಣೆ ಸ್ಟೇಷನ್ನಿನ ಬಳಿ ಇರುವವರೂ ನೀವೂ ಪಾಲಿಕೆಗೆ ಒಂದೇ ಊರಿನವರು, ಸಂಸತ್ತಿಗೆ ಬೇರೆ ಬೇರೆ ಕ್ಷೇತ್ರದವರು. ವಿಟಾವಾ ದಾಟಿ ದಿಘಾಕ್ಕೆ ಕಾಲಿಟ್ಟರೆ ಪಾಲಿಕೆ ನವಿ ಮುಂಬಯಿ, ವಿಧಾನಸಭೆ ಐರೋಲಿ, ಲೋಕಸಭೆ ಠಾಣೆ, ಮೂರೂ ಬದಲಾಗುತ್ತವೆ. ಒಂದೇ ದಿನ ಹಲವು ಚುನಾವಣೆ ಎಂದಾಗ ಅಧಿಕಾರಿಗಳಿಗೆ ಮೊದಲು ಎದುರಾಗುವ ತೊಡಕು ಇದೇ. ಮತದಾರ ಒಬ್ಬನೇ, ಅವನ ಮೇಲೆ ಹಾದುಹೋಗುವ ಗಡಿಗಳು ಮೂರು, ಅವು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಲೋಕಸಭೆ ಮತ್ತು ವಿಧಾನಸಭೆಯ ಮಟ್ಟಿಗೆ ಈ ತೊಡಕಿಲ್ಲ. ವಿಧಾನಸಭಾ ಕ್ಷೇತ್ರಗಳನ್ನು ಇಡಿಯಾಗಿ ಜೋಡಿಸಿಯೇ ಲೋಕಸಭಾ ಕ್ಷೇತ್ರ ಮಾಡುತ್ತಾರೆ. ಮತದಾರರ ಪಟ್ಟಿಯೂ ಒಂದೇ. ನಡೆಸುವುದೂ ಒಂದೇ ಸಂಸ್ಥೆ, ಭಾರತದ ಚುನಾವಣಾ ಆಯೋಗ. 1951-52ರಿಂದ 1967ರವರೆಗೆ ದೇಶದ ಬಹುಭಾಗದಲ್ಲಿ ಎರಡೂ ಒಟ್ಟಿಗೇ ನಡೆದವು. ಆಮೇಲೆಯೂ ಮಹಾರಾಷ್ಟ್ರದಲ್ಲಿ 1999ರಲ್ಲಿ, ಕರ್ನಾಟಕದಲ್ಲಿ 1989, 1999 ಮತ್ತು 2004ರಲ್ಲಿ ಜೊತೆಯಾಗಿ ನಡೆದಿವೆ. 2024ರಲ್ಲಿ ಆಂಧ್ರಪ್ರದೇಶ, ಒಡಿಶಾ, ಅರುಣಾಚಲ, ಸಿಕ್ಕಿಂಗಳಲ್ಲಿ ನಡೆದದ್ದೂ ಹೀಗೆಯೇ. ಮತಗಟ್ಟೆಯೊಳಗೆ ಹೋದವರಿಗೆ ಬೆರಳಿಗೆ ಶಾಯಿ ಒಂದೇ, ಯಂತ್ರಗಳು ಎರಡು ಜೋಡಿ. ಲೋಕಸಭೆಯ ಯಂತ್ರದ ಮೇಲಿನ ಮತಪತ್ರ ಬಿಳಿ, ವಿಧಾನಸಭೆಯದು ಗುಲಾಬಿ. ಎರಡಕ್ಕೂ ಬೇರೆ ಬೇರೆ ಮರೆ. ಒಂದು ಕಡೆ ಒತ್ತಿ ಮುಗಿಸಿ ಇನ್ನೊಂದರತ್ತ ಹೋಗಬೇಕು. ಎಣಿಕೆಯೂ ಬೇರೆ ಬೇರೆ. ಒಂದರಲ್ಲಿ ಆದ ತಪ್ಪು ಇನ್ನೊಂದಕ್ಕೆ ತಗಲಬಾರದು ಎಂಬುದು ಈ ಎಲ್ಲ ಏರ್ಪಾಟಿನ ಹಿಂದಿರುವ ಒಂದೇ ಯೋಚನೆ.

ಪಾಲಿಕೆಯ ವಿಷಯಕ್ಕೆ ಬಂದಾಗ ಸಂಸ್ಥೆಯೇ ಬದಲಾಗುತ್ತದೆ. ಸಂವಿಧಾನದ 324ನೇ ವಿಧಿ ಸಂಸತ್ತು ಮತ್ತು ವಿಧಾನಸಭೆಗಳ ಹೊಣೆಯನ್ನು ಕೇಂದ್ರದ ಆಯೋಗಕ್ಕೆ ಕೊಟ್ಟರೆ, 243ಕೆ ಮತ್ತು 243ಝಡ್‌ಎ ವಿಧಿಗಳು ಪಂಚಾಯಿತಿ, ಪಾಲಿಕೆಗಳ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿವೆ. ಇಬ್ಬರ ಯಂತ್ರಗಳೂ ಬೇರೆ, ಪದ್ಧತಿಯೂ ಬೇರೆ. 2026ರ ಜನವರಿ 15ರಂದು ನೀವು ಕಳವಾದಲ್ಲಿ ಮತ ಹಾಕಿದ್ದನ್ನು ನೆನಪಿಸಿಕೊಳ್ಳಿ. ಠಾಣೆಯಲ್ಲಿ 33 ಪ್ರಭಾಗ (ವಾರ್ಡು), 131 ನಗರಸೇವಕರು. ಒಂದನ್ನು ಬಿಟ್ಟು ಎಲ್ಲ ಪ್ರಭಾಗಗಳಿಗೂ ನಾಲ್ಕು ನಾಲ್ಕು ಸ್ಥಾನ. ಅ, ಬ, ಕ, ಡ ಎಂದು ನಾಲ್ಕು ಸ್ಥಾನಕ್ಕೆ ಬಿಳಿ, ತಿಳಿಗುಲಾಬಿ, ತಿಳಿಹಳದಿ, ತಿಳಿನೀಲಿ ಮತಪತ್ರ. ನಾಲ್ಕು ಸಲ ಗುಂಡಿ ಒತ್ತಬೇಕು, ಬೇಡವಾದ ಕಡೆ ನೋಟಾ ಆದರೂ ಒತ್ತಬೇಕು. ನಾಲ್ಕೂ ಆದಮೇಲೆಯೇ ಯಂತ್ರ ಉದ್ದಕ್ಕೆ ಕೂಗುವುದು. ಒಂದೆರಡು ಒತ್ತಿ ಹೊರಟವರನ್ನು ಸಿಬ್ಬಂದಿ ವಾಪಸು ಕರೆಯಬೇಕಾಗುತ್ತದೆ. ವಿವಿಪ್ಯಾಟ್ ಚೀಟಿ ಅಲ್ಲಿ ಇರಲಿಲ್ಲ. ಬೆರಳಿಗೆ ಹಚ್ಚಿದ್ದೂ ಮೈಸೂರಿನ ಕಾರ್ಖಾನೆಯಿಂದ 1962ರಿಂದ ಬರುತ್ತಿರುವ ಶಾಯಿಯಲ್ಲ, ಮಾರ್ಕರ್ ಪೆನ್ನು. ಅದು ಅಳಿಸಿಹೋಗುತ್ತದೆ ಎಂದು ದೂರುಗಳೆದ್ದವು.

ಈಗ ಇದೇ ಮತಗಟ್ಟೆಗೆ ಲೋಕಸಭೆ, ವಿಧಾನಸಭೆಗಳ ಯಂತ್ರಗಳನ್ನೂ ತಂದಿಟ್ಟು ನೋಡಿ. ಒಬ್ಬ ಮತದಾರ ಆರು ಸಲ ಒತ್ತಬೇಕು. ಮೊದಲ ಎರಡಕ್ಕೆ ಒಂದು ಒತ್ತು ಒಂದು ಕೂಗು, ಆಮೇಲಿನದಕ್ಕೆ ನಾಲ್ಕು ಒತ್ತು ಒಂದು ಕೂಗು. ಓದು ಬಾರದ ಅಜ್ಜಿಯೊಬ್ಬರು ಇಲ್ಲಿ ಗಲಿಬಿಲಿಗೊಂಡರೆ ತಪ್ಪು ಅವರದಲ್ಲ. ಬಹಳ ಓದಿದ ದೇಶದಲ್ಲೂ ಹೀಗೆ ಆಗಿದೆ. 2007ರ ಮೇ 3ರಂದು ಸ್ಕಾಟ್ಲೆಂಡಿನಲ್ಲಿ ಅಲ್ಲಿನ ಸಂಸತ್ತಿಗೂ ಸ್ಥಳೀಯ ಸಂಸ್ಥೆಗಳಿಗೂ ಒಂದೇ ದಿನ ಮತದಾನವಾಯಿತು. ಒಂದು ಮತಪತ್ರದಲ್ಲಿ ಗುಣಿಸು ಗುರುತು ಹಾಕಬೇಕಿತ್ತು, ಇನ್ನೊಂದರಲ್ಲಿ 1, 2, 3 ಎಂದು ಅಂಕಿ ಬರೆಯಬೇಕಿತ್ತು. ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಮತಪತ್ರಗಳು ತಿರಸ್ಕೃತವಾದವು. ತನಿಖೆ ನಡೆಸಿದ ರಾನ್ ಗೌಲ್ಡ್ ಅವರ ವರದಿ ಎರಡನ್ನೂ ಬೇರೆ ಮಾಡಿ ಎಂದಿತು. ಮುಂದಿನ ಸ್ಥಳೀಯ ಚುನಾವಣೆಯನ್ನು 2011ರಿಂದ 2012ಕ್ಕೆ ಸರಿಸಿದರು. ಹಾಗಾಗಿ ಒಂದೇ ದಿನ ನಡೆಸುವುದಾದರೆ ಮತ ಹಾಕುವ ರೀತಿಯೂ ಒಂದೇ ಇರಬೇಕು ಎಂಬುದನ್ನು ನಾನು ಮೊದಲ ನಿಯಮವಾಗಿ ಇಡುತ್ತೇನೆ.

ಏಕಕಾಲದ ಚುನಾವಣೆಯ ಬಗ್ಗೆ ಕೇಂದ್ರ ಸರಕಾರ ನೇಮಿಸಿದ್ದ ಕೋವಿಂದ್ ಸಮಿತಿಯೂ ಪಾಲಿಕೆಗಳನ್ನು ಅದೇ ದಿನಕ್ಕೆ ತರಲಿಲ್ಲ. 2024ರ ಮಾರ್ಚ್ 14ರಂದು ಕೊಟ್ಟ ವರದಿಯಲ್ಲಿ ಲೋಕಸಭೆ, ವಿಧಾನಸಭೆ ಮೊದಲು, ಸ್ಥಳೀಯ ಸಂಸ್ಥೆಗಳು ನೂರು ದಿನದೊಳಗೆ ಎಂದಿತು. ಆ ವರ್ಷದ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಂಸದೀಯ ಸಮಿತಿಗೆ ಹೋದ ಸಂವಿಧಾನದ 129ನೇ ತಿದ್ದುಪಡಿ ಮಸೂದೆಯಲ್ಲಿ ಪಾಲಿಕೆ, ಪಂಚಾಯಿತಿಗಳ ಪ್ರಸ್ತಾಪವೇ ಇಲ್ಲ. ಕರ್ನಾಟಕ ವಿಧಾನಸಭೆ ಅದಕ್ಕೂ ಮೊದಲೇ, ಜುಲೈ 25ರಂದು, ಏಕಕಾಲದ ಚುನಾವಣೆಯನ್ನು ವಿರೋಧಿಸಿ ನಿರ್ಣಯ ಮಾಡಿತ್ತು. ರಾಜ್ಯದ ಮಾತು ದೇಶದ ಅಲೆಯಲ್ಲಿ ಕೊಚ್ಚಿಹೋಗುತ್ತದೆ ಎಂಬುದು ವಿರೋಧಿಸುವವರ ಮುಖ್ಯ ಆತಂಕ.

ಆ ಆತಂಕ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ಆ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅದೇ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ನಡುವೆ ಇದ್ದದ್ದು ಮೂರು ತಿಂಗಳು. ಎರಡೂ ಒಂದೇ ದಿನ ನಡೆದಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿದರೆ, ಹೀಗೇ ಆಗುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಇನ್ನೊಂದು ಕಡೆ 1999ರ ಮಹಾರಾಷ್ಟ್ರವಿದೆ. ಎರಡೂ ಮತ ಒಟ್ಟಿಗೆ ಹಾಕಿದ ಜನ ಲೋಕಸಭೆಯ 48ರಲ್ಲಿ 28 ಸ್ಥಾನಗಳನ್ನು ಶಿವಸೇನೆ-ಬಿಜೆಪಿಗೆ ಕೊಟ್ಟರು. ಮುಂಬಯಿಯಲ್ಲಿ ಸರಕಾರ ರಚಿಸಿದ್ದು ಕಾಂಗ್ರೆಸ್ ಮತ್ತು ಎನ್‌ಸಿಪಿ, ವಿಲಾಸರಾವ್ ದೇಶಮುಖ್ ಮುಖ್ಯಮಂತ್ರಿ. ಬಿಳಿ ಮತಪತ್ರಕ್ಕೂ ಗುಲಾಬಿ ಮತಪತ್ರಕ್ಕೂ ವ್ಯತ್ಯಾಸ ಬಲ್ಲ ಮತದಾರರು ನಮ್ಮಲ್ಲಿದ್ದಾರೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ.

ಇನ್ನು ಜನಮತಗಣನೆ. ಇಲ್ಲಿ ನಿಮ್ಮನ್ನು ಗೋವಾಕ್ಕೆ ಕರೆದೊಯ್ಯಬೇಕು, ಏಕೆಂದರೆ ಚುನಾವಣೆಯನ್ನೂ ಜನಮತಗಣನೆಯನ್ನೂ ಏಕೆ ಬೇರೆ ಇಡಬೇಕು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಈ ದೇಶದಲ್ಲಿಲ್ಲ. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೋ ಎಂದು ಅಲ್ಲಿನ ಜನರನ್ನೇ ಕೇಳಲು ಸಂಸತ್ತು 1966ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು. ಸಂವಿಧಾನದಲ್ಲಿ ದಾರಿಯಿಲ್ಲದ ಕಾರಣ ಆ ಒಂದು ಪ್ರಶ್ನೆಗಾಗಿಯೇ ಮಾಡಿದ ಕಾಯಿದೆ ಅದು. ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಮತ್ತು ಅವರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ವಿಲೀನದ ಪರ. ಅಧಿಕಾರದಲ್ಲಿ ಕೂತು ಮತದಾನ ನಡೆಸಿದರೆ ಜನ ನಂಬುವುದಿಲ್ಲ ಎಂದು ಅವರ ಸರಕಾರ ಡಿಸೆಂಬರ್ 3ರಂದು ಕೆಳಗಿಳಿಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತಪತ್ರದಲ್ಲಿ ಯಾವ ಪಕ್ಷದ ಗುರುತೂ ಇರಲಿಲ್ಲ: ವಿಲೀನಕ್ಕೆ ಹೂವು, ಬೇಡವೆನ್ನಲು ಎರಡೆಲೆ. 1967ರ ಜನವರಿ 16ರಂದು ಮತದಾನ. ಎರಡೆಲೆಗೆ 1,72,191, ಹೂವಿಗೆ 1,38,170. ಗೋವಾ ಬೇರೆಯಾಗಿಯೇ ಉಳಿಯಿತು.

ವಿಧಾನಸಭಾ ಚುನಾವಣೆ ಆಮೇಲೆ, ಮಾರ್ಚ್ 28ರಂದು. ವಿಲೀನದ ಪ್ರಶ್ನೆಯಲ್ಲಿ ಸೋತಿದ್ದ ಬಾಂದೋಡ್ಕರರ ಪಕ್ಷವೇ 30ರಲ್ಲಿ 16 ಸ್ಥಾನ ಗೆದ್ದು ಮತ್ತೆ ಅಧಿಕಾರಕ್ಕೆ ಬಂತು! ನಿಮ್ಮ ಮಾತು ಬೇಡ, ಆದರೆ ಆಡಳಿತಕ್ಕೆ ನೀವೇ ಬೇಕು ಎಂದು ಜನ ಎರಡು ಪ್ರಶ್ನೆಗೆ ಎರಡು ಉತ್ತರ ಕೊಟ್ಟರು. ಒಂದೇ ದಿನ ಕೇಳಿದ್ದರೆ ಬಾಂದೋಡ್ಕರರನ್ನು ಮೆಚ್ಚುವವರು ಹೂವಿಗೂ, ಮೆಚ್ಚದವರು ಎರಡೆಲೆಗೂ ಒತ್ತಿ ಮನೆಗೆ ಹೋಗುವ ಸಾಧ್ಯತೆ ಬಹಳ ಇತ್ತು. ಬ್ರಿಟನ್ ಕೂಡ ಐರೋಪ್ಯ ಒಕ್ಕೂಟದ ಜನಮತಗಣನೆಯನ್ನು 2016ರ ಮೇ 5ರ ಪ್ರಾಂತೀಯ ಚುನಾವಣೆಗಳ ದಿನ ನಡೆಸಕೂಡದು ಎಂದು ಕಾಯಿದೆಯಲ್ಲೇ ಬರೆದುಕೊಂಡಿತ್ತು.

ಗೋವಾದ ನಿಯಮಗಳಲ್ಲಿ ಇನ್ನೊಂದು ಸಂಗತಿ ನಮ್ಮಂಥ ಹೊರನಾಡ ಕನ್ನಡಿಗರಿಗೆ ಮುಖ್ಯ. ಮುಂಬಯಿಯಲ್ಲಿ ನೆಲೆಸಿದ್ದ ಗೋವನ್ನರು ತಮಗೂ ಮತ ಬೇಕೆಂದು ಕೇಳಿದ್ದರು; ಸಿಗಲಿಲ್ಲ. ಕಣ್ಣಿಗೆ ಕಾಣುವಷ್ಟು ಸುಲಭದ ಪ್ರಶ್ನೆಯಲ್ಲ ಇದು. ಹುಟ್ಟಿದ ಊರಿನ ಹಣೆಬರಹ ಬರೆಯುವಾಗ ಊರು ಬಿಟ್ಟವರ ಮಾತು ಬೇಡವೇ ಎಂಬ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ನಿಯಮ ಸರಿಯೆಂದೇ ನನ್ನ ಅಭಿಪ್ರಾಯ. ನಾಳೆ ಅಲ್ಲಿ ತೆರಿಗೆ ಕಟ್ಟುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು ಅಲ್ಲಿರುವವರೇ ತಾನೇ.

ಕರ್ನಾಟಕ-ಮಹಾರಾಷ್ಟ್ರಗಳ ನಡುವಿನ ನಮ್ಮ ಗಡಿ ತಂಟೆಗೆ ಇಂಥ ಜನಮತಗಣನೆ ನಡೆಯಲೇ ಇಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ಚುನಾವಣೆಯ ದಿನ ಜನಾಭಿಪ್ರಾಯ ಕೇಳುವುದು ಎಂದೆಂದಿಗೂ ತಪ್ಪೇ? ಹಾಗೆಂದು ನಾನು ಹೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ‘ಆಡವಿ ಬಾಟಲಿ’ ಎಂಬ ಮಾತನ್ನು ನೀವು ಕೇಳಿರಬಹುದು. ಊರಿನ ಅಥವಾ ವಾರ್ಡಿನ ಸಾರಾಯಿ ಅಂಗಡಿ ಮುಚ್ಚಬೇಕೆಂದು ಮಹಿಳಾ ಮತದಾರರಲ್ಲಿ ನೂರಕ್ಕೆ 25 ಮಂದಿ ಸಹಿ ಹಾಕಿ ಅರ್ಜಿ ಕೊಟ್ಟರೆ, 2008ರ ಸರಕಾರಿ ಆದೇಶದಂತೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡೇ ಚಿತ್ರ: ಅಡ್ಡ ಮಲಗಿದ ಬಾಟಲಿಗೆ ಹಾಕಿದರೆ ಅಂಗಡಿ ಮುಚ್ಚಲಿ ಎಂದರ್ಥ, ನೆಟ್ಟಗೆ ನಿಂತ ಬಾಟಲಿಗೆ ಹಾಕಿದರೆ ಇರಲಿ ಎಂದರ್ಥ. ಗೋವಾದ ಹೂವು, ಎರಡೆಲೆಯಂತೆಯೇ ಅಕ್ಷರ ಬಾರದವರಿಗೂ ತಿಳಿಯುವ ಗುರುತು. ತೊಡಕಿರುವುದು ಎಣಿಕೆಯಲ್ಲಿ. ಬಿದ್ದ ಮತಗಳಲ್ಲಿ ಬಹುಮತ ಸಾಲದು, ಪಟ್ಟಿಯಲ್ಲಿರುವ ಒಟ್ಟು ಮತದಾರರ ಅರ್ಧಕ್ಕಿಂತ ಹೆಚ್ಚು ಬೇಕು. ಅಂದರೆ ಮನೆಯಲ್ಲೇ ಉಳಿದವರ ಮತವೆಲ್ಲ ಅಂಗಡಿಯ ಲೆಕ್ಕಕ್ಕೆ ಹೋಗುತ್ತದೆ. ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರು ಇದಕ್ಕಾಗಿ ಒಂದು ದಿನದ ಕೂಲಿ ಬಿಡುವುದು ಸುಲಭವಲ್ಲ. ಇಂಥ ಪುಟ್ಟ, ಸ್ಪಷ್ಟ, ಯಾವ ನಾಯಕನ ಹೆಸರಿಗೂ ಅಂಟಿಕೊಳ್ಳದ ಪ್ರಶ್ನೆಯನ್ನು ಪಾಲಿಕೆ ಚುನಾವಣೆಯ ದಿನ, ಹೇಗೂ ರಜೆ ಇರುವಾಗ, ಅದೇ ಮತಗಟ್ಟೆಯಲ್ಲಿ ಬೇರೆ ಪೆಟ್ಟಿಗೆ ಇಟ್ಟು ಕೇಳಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಬೇರೆ ಪೆಟ್ಟಿಗೆ ಮಾತ್ರವಲ್ಲ, ಬೇರೆ ಪಟ್ಟಿಯೂ ಬೇಕಾಗಬಹುದು. ಐರ್ಲೆಂಡಿನಲ್ಲಿ 2019ರ ಮೇ 24ರಂದು ಐರೋಪ್ಯ ಸಂಸತ್ತಿಗೆ, ಸ್ಥಳೀಯ ಸಂಸ್ಥೆಗಳಿಗೆ, ವಿಚ್ಛೇದನದ ನಿಯಮ ಸಡಿಲಿಸುವ ಸಂವಿಧಾನ ತಿದ್ದುಪಡಿಗೆ ಒಂದೇ ದಿನ ಮತದಾನ ನಡೆಯಿತು. ಕಾರ್ಕ್, ವಾಟರ್‌ಫೋರ್ಡ್, ಲಿಮರಿಕ್ ನಗರಗಳಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸಬೇಕೇ ಎಂಬ ಪ್ರಶ್ನೆ ಬೇರೆ. ಅಲ್ಲಿ ಪಟ್ಟಿಯಲ್ಲಿ ಹೆಸರಿನ ಪಕ್ಕ ಅಕ್ಷರದ ಗುರುತಿರುತ್ತದೆ, ಯಾರಿಗೆ ಯಾವ ಮತಪತ್ರ ಕೊಡಬೇಕೆಂದು ಸಿಬ್ಬಂದಿ ಅದನ್ನು ನೋಡಿ ತಿಳಿಯುತ್ತಾರೆ. ಡಬ್ಲಿನ್ನಿನಲ್ಲಿ ನೆಲೆಸಿದ ಭಾರತೀಯ ಪ್ರಜೆ, ನಮ್ಮ ಕನ್ನಡದ ಹುಡುಗಿಯೇ ಇರಲಿ, ಸ್ಥಳೀಯ ಸಂಸ್ಥೆಗೆ ಮತ ಹಾಕಬಹುದು. ಸಂವಿಧಾನದ ಪ್ರಶ್ನೆಗೆ ಅಲ್ಲಿನ ಪ್ರಜೆಗಳು ಮಾತ್ರ. ವಿಚ್ಛೇದನದ ತಿದ್ದುಪಡಿಗೆ ನೂರಕ್ಕೆ 82ರಷ್ಟು ಒಪ್ಪಿಗೆ ಬಂತು. ಮೇಯರ್ ಪ್ರಶ್ನೆಗೆ ಲಿಮರಿಕ್ ಹೂಂ ಎಂದಿತು, ಕಾರ್ಕ್ ಮತ್ತು ವಾಟರ್‌ಫೋರ್ಡ್ ಒಲ್ಲೆ ಎಂದವು.

ಕಡೆಯದಾಗಿ, ನೀವು ಕೇಳದಿದ್ದರೂ ಕಳವಾ, ಡೊಂಬಿವಲಿಯ ಬಹಳ ಕನ್ನಡಿಗರಿಗೆ ಬೇಕಾದ ಮಾತು. ಎಲ್ಲ ಚುನಾವಣೆ ಒಂದೇ ದಿನ ಬಂದರೂ ಬೇರೆ ಬೇರೆ ದಿನ ಬಂದರೂ ಊರಲ್ಲೊಂದು, ಇಲ್ಲೊಂದು ಎಂದು ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 17ನೇ ಕಲಮು ಅದನ್ನು ನಿಷೇಧಿಸುತ್ತದೆ. 1951ರ ಕಾಯಿದೆಯ 62ನೇ ಕಲಮಿನ ಪ್ರಕಾರ ಒಂದೇ ಬಗೆಯ ಎರಡು ಕ್ಷೇತ್ರಗಳಲ್ಲಿ ಮತ ಹಾಕಿದರೆ ಎರಡೂ ರದ್ದು. ಊರಿನ ಹೆಸರನ್ನು ಇಲ್ಲಿಗೆ ತರಲು ನಮೂನೆ 8 ಸಾಕು. ಪಾಲಿಕೆಗೆ ಬೇರೆ ಅರ್ಜಿ ಇಲ್ಲ. ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗವಾರು ಒಡೆದು ಬಳಸುತ್ತಾರೆ. ಜನವರಿಯ ಮತದಾನಕ್ಕೆ ಹಿಂದಿನ ವರ್ಷದ ಜುಲೈ 1ರ ಪಟ್ಟಿಯನ್ನು ಹಿಡಿದಿದ್ದರು. ಆ ದಿನದ ಆಚೆ ಹೆಸರು ಸೇರಿಸಿದವರಿಗೆ ಪಾಲಿಕೆಯಲ್ಲಿ ಮತವಿರಲಿಲ್ಲ. ಆದ್ದರಿಂದ ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ ಈಗಲೇ ಅರ್ಜಿ ಹಾಕಿ.